ಹಳ್ಳದ ಕರೆಂಟು, ಹಂಡೆಯ ನೀರು

ನಾನು ಪವರ್ ಎಲೆಕ್ಟ್ರಾನಿಕ್ಸ್ ಮೇಷ್ಟ್ರು ಅಂತ ಗೊತ್ತಾದಾಗಿನಿಂದ ಹಾಸನದ ನಮ್ಮ ಬೀದಿಯವರು ಕೆಟ್ಟ ಯುಪಿಎಸ್ ತಂದು ಜಗಲಿ ಮೇಲಿಟ್ಟು ಹೋಗುತ್ತಾರೆ. ಪಿಎಚ್‌ಡಿಗೆ ಸಿಗುವ ಮರ್ಯಾದೆ ಇದೇ ಅಲ್ವಾ! ಸುಮ್ನೆ ಬಿಚ್ಚಿ ನೋಡುತ್ತೇನೆ.

ನಮ್ಮ ಕೆಲಸ ಇಷ್ಟೇ: ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡಿ ಬೇಕಾದ ಹದಕ್ಕೆ ತರುವುದು. ನಾನು ಓದುವಾಗ ಲ್ಯಾಬ್ ತುಂಬ ಥೈರಿಸ್ಟರ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ಚುಗಳು. ಆನ್ ಮಾಡುವುದು ಸಲೀಸು. ಬ್ಯಾಟರಿಯಿಂದ ಬರುವಂಥ ಡಿಸಿ ಕರೆಂಟಿನಲ್ಲಿ ಆಫ್ ಮಾಡಲು ಮಾತ್ರ ಪಕ್ಕದಲ್ಲಿ ಇನ್ನೊಂದು ಸರ್ಕ್ಯೂಟನ್ನೇ ಕಟ್ಟಬೇಕಿತ್ತು. ಹೇಳಿದ ಕೂಡಲೇ ಆಫ್ ಕೂಡ ಆಗುವ ಐಜಿಬಿಟಿ ಅನ್ನುವ ಸ್ವಿಚ್ಚು ಬಂದ ಮೇಲೆ ಆ ರಗಳೆ ತಪ್ಪಿತು. ಅದನ್ನು ರೂಪಿಸಿದ ಜಯಂತ್ ಬಾಳಿಗ ಬೆಂಗಳೂರಲ್ಲಿ ಬೆಳೆದವರು ಅಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಈಗ ಎಲ್ಲರ ಬಾಯಲ್ಲೂ ಸೋಲಾರ್. ಪಾವಗಡದ ಪಾರ್ಕ್ ಒಂದೇ 2050 ಮೆಗಾವ್ಯಾಟ್. ಒಳ್ಳೆಯದೇ. ಆದರೆ ಮಲೆನಾಡಿನಲ್ಲಿ ಜುಲೈ ತಿಂಗಳು ನೋಡಿ. ಬಿಸಿಲಿಲ್ಲ, ಮರ ಬಿದ್ದು ಲೈನೂ ಇಲ್ಲ. ಚಾವಣಿ ಮೇಲಿನ ಸೋಲಾರ್, ಬ್ಯಾಟರಿ ಇಲ್ಲದೆ ಊರಿನ ಲೈನಿಗೇ ಜೋಡಿಸುವ ಮಾಮೂಲಿ ಗ್ರಿಡ್ ಇನ್ವರ್ಟರಿನದಾದರೆ ಲೈನ್ ಹೋದ ಕೂಡಲೇ ಅದೂ ನಿಲ್ಲುತ್ತದೆ. "ದುಡ್ಡು ಕೊಟ್ಟು ಹಾಕಿಸಿದ್ದು ಇದಕ್ಕಾ?" ಅಂತ ಕೇಳುವವರು ಜಾಸ್ತಿ. ಲೈನ್ ಸತ್ತಿದೆ ಅಂದುಕೊಂಡು ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದಲ್ಲ, ಅದಕ್ಕೇ ಹಾಗೆ ಮಾಡಿರುವುದು.

ಅಂಥ ಮಳೆಯಲ್ಲಿ ಮೈದುಂಬಿ ಹರಿಯುವುದು ಹಳ್ಳ. ಮೂಡಿಗೆರೆ ಕಡೆ ನನ್ನ ಹಳೇ ವಿದ್ಯಾರ್ಥಿಯೊಬ್ಬನ ಕಾಫಿ ತೋಟದಲ್ಲಿ ಮೇಲಿಂದ ಪೈಪಿನಲ್ಲಿ ನೀರು ತಂದು ಪುಟ್ಟ ಟರ್ಬೈನಿಗೆ ಬಿಟ್ಟಿದ್ದಾರೆ. ಲೆಕ್ಕ ಸರಳ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಬಿದ್ದರೆ, ಅರ್ಧ ನಷ್ಟವಾದರೂ ಸುಮಾರು ಒಂದು ಕಿಲೋವ್ಯಾಟ್ ಕೈಗೆ ಸಿಗುತ್ತದೆ. ಒಂದು ಮನೆಯ ಲೈಟು, ಟಿವಿ, ಫ್ಯಾನಿಗೆ ಧಾರಾಳ.

ಕರೆಂಟ್ ಹುಟ್ಟಿಸುವುದು ಕಷ್ಟವಲ್ಲ, ಅದನ್ನು ಹದ್ದುಬಸ್ತಿನಲ್ಲಿಡುವುದು ಕಷ್ಟ. ಮನೆಯಲ್ಲಿ ಲೈಟ್ ಆರಿಸಿದರೆ ಹಳ್ಳಕ್ಕೇನು ಗೊತ್ತು? ನೀರು ಅಷ್ಟೇ ರಭಸದಲ್ಲಿ ಬರುತ್ತಿರುತ್ತದೆ. ಭಾರ ಇಳಿದ ಟರ್ಬೈನ್ ಹುಚ್ಚೆದ್ದು ತಿರುಗಿ ವೋಲ್ಟೇಜ್ ಏರುತ್ತದೆ, ಉಳಿದ ಬಲ್ಬುಗಳು ಢಮಾರ್. ಅದಕ್ಕೇ ಗೋಡೆ ಮೇಲೊಂದು ಡಬ್ಬಿ, ಲೋಡ್ ಕಂಟ್ರೋಲರ್. ಒಳಗೆ ಎಸಿಯನ್ನು ಡಿಸಿ ಮಾಡುವ ಡಯೋಡ್ ಬ್ರಿಡ್ಜ್, ಒಂದು ಐಜಿಬಿಟಿ. ಮನೆಯವರು ಬಳಸದೆ ಉಳಿದ ಕರೆಂಟನ್ನೆಲ್ಲ ಅದು ಬಚ್ಚಲ ಹಂಡೆಯ ಹೀಟರ್ ಕಾಯಿಲ್‌ಗೆ ತಳ್ಳುತ್ತದೆ. ಜನರೇಟರ್ ಪಾಲಿಗೆ ಲೋಡ್ ಯಾವಾಗಲೂ ಅಷ್ಟೇ.

ಪಾಠದಲ್ಲಿ ಇದನ್ನು ವಿವರಿಸಲು ನನಗೆ ಬೋರ್ಡ್ ತುಂಬ ವೇವ್‌ಫಾರ್ಮ್ ಬೇಕು. ಆ ಹುಡುಗನ ಅಮ್ಮ ಒಂದೇ ಮಾತಲ್ಲಿ ಮುಗಿಸಿದರು: "ಇವರು ಟಿವಿ ಆರಿಸಿದ್ರೆ ನನ್ನ ನೀರು ಕಾಯ್ತದೆ ಮೇಷ್ಟ್ರೇ, ಹಾಕಿದ್ರೆ ಕಾಯಲ್ಲ." ಮುಂದಿನ ವರ್ಷದ ಬ್ಯಾಚಿಗೆ ನಾನು ಅದನ್ನೇ ಹೇಳಿದೆ.

ಅವರದ್ದು ಇನ್ನೊಂದು ಬೇಡಿಕೆಯೂ ಇದೆ. ಹಂಡೆ ಕುದಿಯಲು ಶುರುವಾದ ಮೇಲೆ ಉಳಿದ ಕರೆಂಟಿನಲ್ಲಿ ಬಟ್ಟೆ ಒಣಗಿಸಲು ಆಗುತ್ತಾ ಅಂತ. ಮಳೆಗಾಲದಲ್ಲಿ ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಗೊತ್ತಿರುವವರಿಗೆ ಇದರ ಬೆಲೆ ಗೊತ್ತು. ನೀರಿನ ಬಿಸಿ ನೋಡಿ ಎರಡನೇ ಕಾಯಿಲ್‌ಗೆ ತಾನೇ ಬದಲಾಯಿಸುವ ಸರ್ಕ್ಯೂಟನ್ನು ಈ ಸಲ ಫೈನಲ್ ಇಯರ್ ಪ್ರಾಜೆಕ್ಟಿಗೆ ಕೊಟ್ಟಿದ್ದೇನೆ. ಹುಡುಗರು ಅದಕ್ಕೊಂದು ಆಪ್ ಬೇಕೇ ಬೇಕು ಅಂತ ಹಟ ಹಿಡಿದಿದ್ದಾರೆ. ಆ ತೋಟದಲ್ಲಿ ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು.