ಆರಿದ್ರಾ ಮಳೆ, ಕೆಂಪು ನೀರು

ಜೂನ್ 29, 2025, ಭಾನುವಾರ
ಹೆಗಡೆ, ಕುಮಟಾ

ರಾತ್ರಿಯಿಡೀ ಹೊಯ್ದ ಮಳೆ ಬೆಳಿಗ್ಗೆ ಆರೂವರೆಗೆ ಸ್ವಲ್ಪ ಸಣ್ಣದಾಯಿತು. ಹಂಚಿನ ಮೇಲಿನ ಸದ್ದು ಇಳಿದಾಗ ಎಚ್ಚರವಾಯಿತು. ಆರಿದ್ರಾ ಮಳೆ ಆರದೇ ಹೊಯ್ಯುತ್ತದೆ ಅಂತ ಹಿರಿಯರು ಹೇಳುವುದು ಈ ವಾರವಂತೂ ಅಕ್ಷರಶಃ ನಿಜ. ಒಗೆದ ಬಟ್ಟೆ ಮೂರು ದಿನದಿಂದ ಒಲೆಯ ಮೇಲಿನ ಹಗ್ಗದಲ್ಲೇ ಇದೆ.

ಅಷ್ಟರಲ್ಲಿ ಮಾವನ ಫೋನ್ ಬಂತು. ದಿನಾ ದೋಣಿಗೆ ಬರುವ ಹುಡುಗನಿಗೆ ಜ್ವರ. "ತಂಗೀ, ಇವತ್ತೊಂದಿನ ಜಲ್ಲೆ ಹಿಡೀತೀಯಾ?" ಅಂದರು. ಜಲ್ಲೆ ಅಂದರೆ ದೋಣಿ ನೂಕುವ, ನಿಲ್ಲಿಸುವ ಉದ್ದನೆಯ ಗಳು. ನಾನು ಹೂಂ ಅಂದದ್ದು ಅಮ್ಮನಿಗೆ ಕೇಳಿಸಿತು.

ಅಮ್ಮನಿಗೆ ಮಳೆಗಾಲದ ಹೊಳೆ ಅಂದರೆ ಕಳೆದ ವರ್ಷದಿಂದ ಹೆದರಿಕೆ ಜಾಸ್ತಿಯಾಗಿದೆ. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿಗೇ ಬಿದ್ದಿತಲ್ಲ, ಆಮೇಲೆ ಹೊಳೆ ಅಂದರೆ ಸಾಕು, ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅದು ಪಕ್ಕದ ಹೊಳೆ, ನಮ್ಮದು ಅಘನಾಶಿನಿ ಅಂದರೆ ಕೇಳುವುದಿಲ್ಲ. ಫೋನ್ ಕಿತ್ತುಕೊಂಡು ತಮ್ಮನಿಗೆ ನೇರವಾಗಿ ಹೇಳಿದಳು: "ನಡುಹೊಳೆಗೆ ಹೋದರೆ ನನ್ನ ಮನೆ ಮೆಟ್ಟಿಲು ಹತ್ತಬೇಡ." ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಅಂಚು ಬಿಟ್ಟು ಹೋಗುವುದಿಲ್ಲ ಅಂತ ಮಾವ ಮಾತು ಕೊಟ್ಟರು. ಕೊಟ್ಟ ಮಾತು ಉಳಿಸಿಕೊಂಡರು ಕೂಡ.

ಪ್ಲಾಸ್ಟಿಕ್ ಕೊಪ್ಪೆ ಹೊದ್ದು ದೋಣಿ ಕಟ್ಟುವ ತಾರಿಬಾಗಿಲಿಗೆ ಹೋದಾಗ ಏಳೂಕಾಲು. ಮಾವ ಆಗಲೇ ಪಾತಿ ದೋಣಿಯ ನೀರು ಮೊಗೆದು ಹಾಕುತ್ತಿದ್ದರು. ಹೊಳೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಬಾಳೆ ದಿಂಡು, ಅಡಿಕೆ ಹಾಳೆ, ಎಲ್ಲಿಂದಲೋ ಬಂದ ಬಿದಿರಿನ ಬುಡ ತೇಲಿಕೊಂಡು ಹೋಗುತ್ತಿದ್ದವು. ಶಿರಸಿ, ಸಿದ್ದಾಪುರದ ಕಡೆ ಎಷ್ಟು ಮಳೆಯಾಗಿದೆ ಅಂತ ನಾವು ಟಿವಿ ನೋಡಿ ತಿಳಿಯಬೇಕಾಗಿಲ್ಲ. ಹೊಳೆಯೇ ಹೇಳುತ್ತದೆ. ಶಿರಸಿ ಊರೊಳಗಿನ ಶಂಕರಹೊಂಡದಲ್ಲಿ ಹುಟ್ಟುವ ನೀರು ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕಾಡು ದಾಟಿ ನಮ್ಮಲ್ಲಿಗೆ ಬರುತ್ತದೆ. ನಡುವೆ ಒಂದೂ ಅಣೆಕಟ್ಟಿಲ್ಲ. ಕಾಳಿ ನದಿಯವರಿಗೆ ಕದ್ರಾ ಅಣೆಕಟ್ಟಿನ ಗೇಟು ಯಾವಾಗ ತೆಗೆಯುತ್ತಾರೋ ಎಂಬ ಚಿಂತೆ. ಶರಾವತಿಯವರಿಗೆ ಲಿಂಗನಮಕ್ಕಿಯ ಚಿಂತೆ. ನಮಗೆ ಮಳೆ ಮತ್ತು ಚಂದ್ರ, ಇವೆರಡೇ ಲೆಕ್ಕ.

ಚಂದ್ರನ ಲೆಕ್ಕವನ್ನು ಮಾವ ಹೇಳಿಕೊಟ್ಟಿದ್ದು ಇವತ್ತೇ. ನಮ್ಮಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಭರತ, ಅಂದರೆ ಕಡಲಿನ ಉಬ್ಬರ, ತುಂಬುತ್ತದೆ. ಆಮೇಲೆ ದಿನಕ್ಕೆ ಎರಡು ಘಳಿಗೆ ತಡ. ಒಂದು ಘಳಿಗೆ ಅಂದರೆ 24 ನಿಮಿಷ. ಬುಧವಾರ ಅಮಾವಾಸ್ಯೆ, ಇವತ್ತಿಗೆ ನಾಲ್ಕು ದಿನ, ಅಂದರೆ ಎಂಟು ಘಳಿಗೆ. ಹಾಗಾಗಿ ನೀರು ತುಂಬುವುದು ಮಧ್ಯಾಹ್ನ ಎರಡು ದಾಟಿ. ಅದಕ್ಕೆ ಆರು ಗಂಟೆ ಮೊದಲು ಪೂರ್ತಿ ಇಳಿತ. ನನ್ನ ಫೋನಿನಲ್ಲಿ ಭರತದ ಸಮಯ ತೋರಿಸುವ ಆ್ಯಪ್ ಇದೆ. ತೆಗೆದು ನೋಡಿದೆ. ಮಾವನ ಲೆಕ್ಕಕ್ಕೂ ಅದಕ್ಕೂ ಕಾಲು ಗಂಟೆಯ ವ್ಯತ್ಯಾಸವೂ ಇರಲಿಲ್ಲ. ಮಾವ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ನನಗೆ ಎದೆ ತುಂಬಿ ಬಂತು.

ಈಗ ಹೊಳೆ ಮೀನಿಗೆ ಒಳ್ಳೆ ದರ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ತದಡಿ ಬಂದರಿನಲ್ಲಿ ಬೋಟುಗಳೆಲ್ಲ ಸಾಲಾಗಿ ನಿಂತಿವೆ. ಪೇಟೆಗೆ ತಾಜಾ ಮೀನು ಅಂತ ಬರುವುದು ಹೊಳೆಯಿಂದ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿಂದ, ದಡದ ಸಣ್ಣ ಬಲೆಗಳಿಂದ. ಮಾವನಂಥವರಿಗೆ ವರ್ಷದ ಎರಡು ಒಳ್ಳೆಯ ತಿಂಗಳು ಇವೇ. ಮಳೆಯಲ್ಲಿ ನೆನೆಯುತ್ತಾ ದುಡಿಯಬೇಕು, ಅಷ್ಟೇ.

ಇನ್ನೊಂದು ಅನುಕೂಲವೂ ಇದೆ. ಬೇಸಿಗೆಯಲ್ಲಿ ನೀರು ತಿಳಿ. ಹಗಲು ಬೀಸುಬಲೆ ಎಸೆದರೆ ಬಲೆ ಬೀಳುವ ಮೊದಲೇ ಮೀನು ಕಂಡು ಓಡುತ್ತದೆ. ಆಗ ಏನಿದ್ದರೂ ನಸುಕಿನಲ್ಲಿ ಇಲ್ಲವೇ ಕತ್ತಲಲ್ಲಿ ಎಸೆಯಬೇಕು. ಕೆಂಪು ನೀರಿನಲ್ಲಿ ಮೀನಿಗೆ ಬಲೆ ಕಾಣುವುದಿಲ್ಲ. ಹಾಗಂತ ನಮಗೂ ಮೀನು ಕಾಣುವುದಿಲ್ಲ. ಎಲ್ಲಿ ಎಸೆಯಬೇಕು ಎಂಬುದನ್ನು ನೀರು ನೋಡಿಯೇ ಹೇಳಬೇಕು.

ಮಾವ ಬಲೆ ಎಸೆಯುವುದನ್ನು ಚಿಕ್ಕಂದಿನಿಂದ ದಡದಲ್ಲಿ ನಿಂತು ನೋಡಿದ್ದೇನೆ. ಅದೇ ದೋಣಿಯಲ್ಲಿ ನಿಂತು ನೋಡಿದ್ದು ಇವತ್ತು ಮೊದಲು. ಹಗ್ಗದ ಕುಣಿಕೆ ಎಡಗೈ ಮಣಿಕಟ್ಟಿಗೆ. ಬಲೆಯ ಒಂದು ಪಾಲು ಎಡ ಮೊಣಕೈ ಮೇಲೆ, ಉಳಿದದ್ದು ಬಲಗೈಯಲ್ಲಿ. ಸೊಂಟ ತಿರುಗಿಸಿ ಒಮ್ಮೆ ಹಿಂದಕ್ಕೆ ತೂಗಿ ಬಿಟ್ಟರೆ ಬಲೆ ಗಾಳಿಯಲ್ಲಿ ದೋಸೆಯ ಹಾಗೆ ದುಂಡಗೆ ಹರಡುತ್ತದೆ. ಅಂಚಿನ ಸೀಸದ ಗುಂಡುಗಳೆಲ್ಲ ಒಟ್ಟಿಗೆ ನೀರಿಗೆ ಬೀಳಬೇಕು. ಒಂದೇ ಸಲ 'ಝಲ್' ಅಂತ ಕೇಳಬೇಕು. ಎರಡು ಸಲ ಕೇಳಿದರೆ ಬಲೆ ಸರಿಯಾಗಿ ಬಿಚ್ಚಿಲ್ಲ ಅಂತ ಅರ್ಥ. ಗುಂಡು ತಳ ಮುಟ್ಟುವವರೆಗೆ ಸುಮ್ನೆ ನಿಲ್ಲಬೇಕು. ಆಮೇಲೆ ಮೆಲ್ಲಗೆ ಎಳೆಯಬೇಕು, ಅಂಚು ಕೂಡಿಕೊಳ್ಳುವ ಹಾಗೆ. ಅವಸರ ಮಾಡಿದರೆ ತಳದಲ್ಲಿ ಸಂದು ಬಿಡುತ್ತದೆ. ನೊಗ್ಲಿ ಮೀನು ಅಂಥ ಸಂದಿಗೇ ಕಾಯುತ್ತಿರುತ್ತದೆ, ಮರಳಿಗೆ ಮೂತಿ ತೂರಿಸಿ ನುಸುಳಿ ಹೋಗುತ್ತದೆ.

ಮೂರು ಸಲ ಎಸೆದರು. ಒಂದು ಏಡಿ, ನಾಲ್ಕು ಸಿಗಡಿ, ಮತ್ತೊಂದು ಮೀಸೆಯ ಮೀನು. ಅದರ ಬೆನ್ನ ಮುಳ್ಳು ಚುಚ್ಚಿದರೆ ಕೈ ಸಂಜೆಯವರೆಗೆ ಉರಿಯುತ್ತದೆ. ಮಾವ ಅದನ್ನು ಕಾಲಿನಿಂದ ಒತ್ತಿ ಹಿಡಿದು ಮುಳ್ಳು ಮುರಿದರು.

ನಾಲ್ಕನೇ ಸಲ ತಪ್ಪು ನನ್ನಿಂದಾಯಿತು. ಬಲೆ ತಳಕ್ಕೆ ಇಳಿಯುವಾಗ ಜಲ್ಲೆ ಊರಿ ದೋಣಿ ನಿಲ್ಲಿಸಬೇಕಿತ್ತು. ಮಳೆ ಜೋರಾಗಿ ಕಣ್ಣಿಗೆ ಹೊಡೆಯಿತು, ಒರೆಸಿಕೊಳ್ಳಲು ಒಂದು ಕೈ ಬಿಟ್ಟೆ. ದೋಣಿ ಇಳಿತದ ಸೆಳೆತಕ್ಕೆ ಒಂದು ಮಾರು ಜಾರಿತು. ಬಲೆಯೂ ತಳದಲ್ಲಿ ಎಳೆದುಕೊಂಡು ಹೋಗಿ ಎಂಥದ್ದಕ್ಕೋ ಸಿಕ್ಕಿಬಿತ್ತು. ನೆರೆಗೆ ಬಂದು ಹೂತ ಮರದ ಕೊಂಬೆ ಇರಬೇಕು. ಮಾವ ಒಮ್ಮೆ ಎಳೆದು ನೋಡಿದರು. ಮತ್ತೆ ಎಳೆಯಲಿಲ್ಲ.

ನೀರಿಗಿಳಿದು ಬಿಡಿಸೋಣವಾ ಅಂತ ಕೇಳಿದೆ. ನನಗೆ ಈಜು ಚೆನ್ನಾಗಿ ಬರುತ್ತದೆ. ಮಾವ ನನ್ನ ಮುಖ ನೋಡಿದ ರೀತಿಗೆ ಬಾಯಿ ಮುಚ್ಚಿದೆ. "ಬಲೆ ಹೋದರೆ ಬಲೆ. ಕೆಂಪು ನೀರಿಗೆ ಇಳಿದು ಮರದ ಹತ್ತಿರ ಹೋಗಬಾರದು ತಂಗಿ. ಕೊಂಬೆ ಎಲ್ಲಿದೆ, ಬಲೆ ಎಲ್ಲಿದೆ, ಕಾಣ್ತದಾ ನಿಂಗೆ?" ಅಂದರು. ಬಲೆಯ ಹಗ್ಗವನ್ನು ದೋಣಿಯ ಅಡ್ಡಪಟ್ಟಿಗೆ ಬಿಗಿದು, ಜಲ್ಲೆಯನ್ನು ಕೆಸರಿಗೆ ಊರಿ ಅದಕ್ಕೆ ದೋಣಿ ಕಟ್ಟಿ, ಎಲೆ ಅಡಿಕೆ ತೆಗೆದರು. "ಇಳಿತದಲ್ಲಿ ಹೋಗಿ ಸಿಕ್ಕಿದ್ದು, ಭರತದಲ್ಲಿ ಬಿಡ್ತದೆ."

ಹೆಚ್ಚುಕಮ್ಮಿ ಒಂದು ಗಂಟೆ ಹಾಗೇ ಕೂತೆವು. ಕೊಪ್ಪೆಯ ಮೇಲೆ ಮಳೆ. ಕಾಂಡ್ಲಾ ಬೇರುಗಳ ಸಂದಿಯಲ್ಲಿ ಬೆಳ್ಳಕ್ಕಿಯೊಂದು ನಮ್ಮ ಹಾಗೇ ಕಾಯುತ್ತಾ ನಿಂತಿತ್ತು. ಮಾವ ತಮ್ಮ ಅಪ್ಪನ ಕಾಲದ ಬಲೆಯ ವಿಷಯ ಹೇಳಿದರು. ಆಗ ನೈಲಾನ್ ಇಲ್ಲ, ಹತ್ತಿ ನೂಲು. ಮತ್ತಿ ಮರದ ಚಕ್ಕೆ ಬೇಯಿಸಿದ ಕಷಾಯದಲ್ಲಿ ಬಲೆ ಅದ್ದಿ ಒಣಗಿಸುತ್ತಿದ್ದರಂತೆ, ಕೊಳೆಯಬಾರದು ಅಂತ. ಮಳೆಗಾಲದಲ್ಲಿ ಒಣಗುವುದೇ ಕಷ್ಟ. ಮನೆಯೊಳಗೆ ಮಕ್ಕಳ ಬಟ್ಟೆಗಿಂತ ಮೊದಲು ಒಲೆಯ ಮೇಲೆ ಬಲೆಗೆ ಜಾಗ. ಅಜ್ಜಿ ಅದಕ್ಕೆ ಜಗಳವಾಡುತ್ತಿದ್ದದ್ದು ನನಗೂ ಅಮ್ಮನ ಬಾಯಿಂದ ಗೊತ್ತು.

ಆಮೇಲೆ ಮಾತು ಹೊಳೆ ತಿರುಗಿಸುವ ಯೋಜನೆಗೆ ಬಂತು. ಅಘನಾಶಿನಿಯ ನೀರನ್ನು ಘಟ್ಟದ ಮೇಲಿನಿಂದಲೇ ಬಯಲುಸೀಮೆಯ ವೇದಾವತಿ ನದಿಯ ಕಡೆಗೆ ಒಯ್ಯುವ ಮಾತು ಈ ವರ್ಷ ಎಲ್ಲ ಕಡೆ ಇದೆ. ಬಯಲುಸೀಮೆಗೆ ನೀರು ಬೇಕು, ನಿಜ. ಅವರ ಕಷ್ಟ ಸಣ್ಣದಲ್ಲ. ಆದರೆ "ಮಳೆಗಾಲದಲ್ಲಿ ವ್ಯರ್ಥವಾಗಿ ಸಮುದ್ರ ಸೇರುವ ನೀರು" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಾಗೆ ಹೇಳುವವರನ್ನು ಒಂದು ದಿನ ಈ ದೋಣಿಯಲ್ಲಿ ಕೂರಿಸಬೇಕು ಅನಿಸುತ್ತದೆ.

ಯಾಕೆಂದರೆ ಈ ಕೆಂಪು ನೀರು ಬರದೇ ನಮ್ಮಲ್ಲಿ ಯಾವುದೂ ನಡೆಯುವುದಿಲ್ಲ. ಬೇಸಿಗೆಯಿಡೀ ಉಪ್ಪು ಕುಡಿದ ಗಜನಿ ಗದ್ದೆಗಳ ಉಪ್ಪನ್ನು ತೊಳೆಯುವುದು ಮಳೆ ಮತ್ತು ಈ ಹೊಳೆ. ಆಗಲೇ ಕಗ್ಗ ಭತ್ತ ಬಿತ್ತಲು ಆಗುವುದು. ಕಗ್ಗ ಉಪ್ಪು ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ತಡೆಯುತ್ತದೆ, ಆಳೆತ್ತರ ಬೆಳೆಯುತ್ತದೆ. ಗೊಬ್ಬರ ಹಾಕುವವರಿಲ್ಲ. ಗೊಬ್ಬರ ತರುವುದು ಹೊಳೆಯೇ, ಘಟ್ಟದ ಎಲೆ, ಮಣ್ಣು ಎಲ್ಲ ಕರಗಿಸಿಕೊಂಡು. ಕಡಲಿನಲ್ಲಿ ಹುಟ್ಟಿದ ಸಿಗಡಿ ಮರಿ ಬೆಳೆಯಲು, ಹೊಳೆ ಕಡಲು ಸೇರುವ ಅಳಿವೆಯೊಳಗೆ ಬರುತ್ತದೆ. ಬಳಚು ಎಂಬ ಚಿಪ್ಪುಮೀನು ಬೆಳೆಯುವುದೂ ಸಿಹಿ ಉಪ್ಪು ಎರಡೂ ಕೂಡುವ ಈ ಕೆಸರಿನಲ್ಲೇ. ನಮ್ಮ ಕೇರಿಯ ಎಷ್ಟು ಹೆಂಗಸರು ಬಳಚು ಹೆಕ್ಕಿ ಮಕ್ಕಳನ್ನು ಓದಿಸಿಲ್ಲ? ಅಮ್ಮನೂ ಹಾಗೇ ನನ್ನನ್ನು ಓದಿಸಿದ್ದು. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು, 4,801 ಹೆಕ್ಟೇರ್. ಜಗತ್ತೇ ಕಾಪಾಡಬೇಕಾದ ಜಾಗ ಅಂತ ಒಪ್ಪಿಕೊಂಡ ಮೇಲೂ ಇದರ ನೀರನ್ನು ವ್ಯರ್ಥ ಅನ್ನುವುದು ಹೇಗೆ?

ಮಾವ ಇಷ್ಟೆಲ್ಲ ಹೇಳಲಿಲ್ಲ. ಅವರು ಹೇಳಿದ್ದು ಒಂದೇ ಮಾತು. "ಕಡಲಿಗೂ ಉಣ್ಣಬೇಕಲ್ಲ ತಂಗಿ."

ಒಂಬತ್ತರ ಹೊತ್ತಿಗೆ ದೋಣಿಯ ಬದಿಯಲ್ಲಿ ತೇಲುತ್ತಿದ್ದ ಅಡಿಕೆ ಹಾಳೆ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಸುತ್ತಿತು. ಆಮೇಲೆ ಮೆಲ್ಲಗೆ ಬಂದ ದಾರಿಯಲ್ಲೇ ಹಿಂದಕ್ಕೆ, ಘಟ್ಟದ ಕಡೆಗೆ ಹೊರಟಿತು. ಮಾವ ಬೆರಳು ಅದ್ದಿ ನಾಲಿಗೆಗೆ ಇಟ್ಟರು. "ಮೇಲೆ ಇನ್ನೂ ಸಿಹಿ. ಅಡಿಯಲ್ಲಿ ಉಪ್ಪು ಬರ್ತಾ ಇದೆ." ಉಪ್ಪು ನೀರು ಭಾರ, ತಳದಲ್ಲೇ ನುಗ್ಗುತ್ತದೆ. ಮಳೆ ನೀರು ಅದರ ಮೇಲೆ ಹಾಸಿಕೊಂಡಿರುತ್ತದೆ. ಪುಸ್ತಕದಲ್ಲಿ ಓದಿದ್ದೆ. ಮಾವನ ನಾಲಿಗೆಗೆ ಅದು ಮೊದಲೇ ಗೊತ್ತಿತ್ತು.

ಜಲ್ಲೆ ಕಿತ್ತು ದೋಣಿಯನ್ನು ಕೊಂಬೆಯ ಆಚೆ ಬದಿಗೆ ತಂದೆವು. ಈ ಸಲ ಎರಡೂ ಕೈಯಲ್ಲಿ ಜಲ್ಲೆ ಹಿಡಿದು, ಕಣ್ಣಿಗೆ ಮಳೆ ಹೊಡೆದರೂ ಬಿಡಲಿಲ್ಲ. ಮಾವ ಎರಡು ಸಲ ಸಡಿಲಿಸಿ ಎಳೆದರು. ಬಲೆ ಬಂತು. ಒಂದು ಕಡೆ ಮೊಳದುದ್ದ ಹರಿದಿತ್ತು. ಅವರು ಏನೂ ಅನ್ನಲಿಲ್ಲ, ಹರಿದ ಜಾಗ ಕೂಡಿಸಿ ಗಂಟು ಹಾಕಿದರು.

ಆಗಲೇ ಕೆಳಗಿನಿಂದ ನೊರೆಯ ಗೆರೆ ಬಂತು. ಹೊಳೆಯ ಅಡ್ಡಕ್ಕೆ ಹಗ್ಗ ಎಳೆದ ಹಾಗೆ ಒಂದು ಗೆರೆ. ಅದರ ಈಚೆ ಕೆಂಪು, ಆಚೆ ಬೂದು ಹಸಿರು. ಎರಡು ನೀರು ಎದುರಾಗುವ ಜಾಗ ಅದು. ಕಸಕಡ್ಡಿ, ಎಲೆ ಎಲ್ಲ ಅಲ್ಲೇ ಕೂಡಿಕೊಳ್ಳುತ್ತವೆ. ಸಣ್ಣ ಮೀನು ಅಲ್ಲಿ ಮೇಯುತ್ತದೆ, ದೊಡ್ಡದು ಅದರ ಹಿಂದೆ ಬರುತ್ತದೆ. ಗೆರೆ ಕಾಂಡ್ಲಾ ಅಂಚಿಗೆ ತಾಗುವವರೆಗೆ ಮಾವ ಬಲೆ ಹಿಡಿದು ಕಾದರು. ಬೂದು ನೀರಿನ ಬದಿಗೆ ಎಸೆದರು. ಒಂದೇ 'ಝಲ್'.

ಎಳೆಯುವಾಗಲೇ ಹಗ್ಗ ನಡುಗುತ್ತಿತ್ತು. ಹನ್ನೊಂದು ನೊಗ್ಲಿ, ಎರಡು ಕಾಗಳಸಿ, ಒಂದು ಕುರುಡೆ. ಕುರುಡೆ ಒಂದೂವರೆ ಕಿಲೋ ಇತ್ತು. ಕುರುಡೆ ಮೊದಲು ಗಂಡಾಗಿದ್ದು, ದೊಡ್ಡದಾಗುತ್ತಾ ಹೆಣ್ಣಾಗುವ ಮೀನು. ಮಳೆಗಾಲದಲ್ಲಿ ಅಳಿವೆ ಬಾಯಿಯ ಹತ್ತಿರ ಮೊಟ್ಟೆ ಇಡುತ್ತದೆ. ಅದರ ಮರಿಗಳು ಗಜನಿಯ ಕಾಲುವೆಗೆ ಹತ್ತಿ ಬರುತ್ತವೆ. ಮುಂದಿನ ಎಸೆತದಲ್ಲಿ ಬೆರಳುದ್ದದ ಎರಡು ಮೂರು ಮರಿ ಸಿಕ್ಕವು. ಮಾವ ಅವನ್ನು ಅಂಗೈಯಲ್ಲಿ ನೀರು ತುಂಬಿಕೊಂಡು ಎತ್ತಿ, ಕಾಂಡ್ಲಾ ಬೇರಿನ ಬುಡಕ್ಕೆ ಬಿಟ್ಟರು. ಎಸೆಯಲಿಲ್ಲ. ಬಿಟ್ಟರು.

ಹನ್ನೊಂದೂವರೆಗೆ ದಡ. ಅಮ್ಮ ತಾರಿಬಾಗಿಲಿನಲ್ಲೇ ಕೊಡೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ಅಂತ ನಾನು ಕೇಳಲಿಲ್ಲ. ಕುರುಡೆ, ನೊಗ್ಲಿಯ ಮುಕ್ಕಾಲು ಪಾಲು ಅಲ್ಲೇ ಮಾರಾಟವಾಯಿತು. ನಮ್ಮ ಪಾಲಿಗೆ ನಾಲ್ಕು ನೊಗ್ಲಿ ಮತ್ತು ಏಡಿ. ಬಲೆ ರಿಪೇರಿಗೆ ದುಡ್ಡು ಕೊಡಲು ಹೋದೆ. ಮಾವ ತೆಗೆದುಕೊಳ್ಳಲಿಲ್ಲ. ಹರಿದ ಬಲೆಯನ್ನೇ ನನ್ನ ಕೈಗೆ ಕೊಟ್ಟು, ಸೂಜಿ ದಾರವನ್ನೂ ಕೊಟ್ಟರು.

ಮಧ್ಯಾಹ್ನ ಅಮ್ಮ ಉಪ್ಪಾಗೆ ಹುಳಿ, ಜುಮ್ಮನಕಾಯಿ ಹಾಕಿ ಸಾರು ಮಾಡಿದಳು. ಕಗ್ಗದ ಅಕ್ಕಿಯ ಅನ್ನ. ಮಳೆಗಾಲದ ನೊಗ್ಲಿಯ ರುಚಿಯನ್ನು ನಾನು ಬರೆದು ತಿಳಿಸಲಾರೆ.

ಈಗ ರಾತ್ರಿ ಒಂಬತ್ತೂವರೆ. ಜಗಲಿಯ ಕಂಬಕ್ಕೆ ಬಲೆ ಕಟ್ಟಿಕೊಂಡು ಕೂತಿದ್ದೆ. ಅಮ್ಮ ಪಕ್ಕದಲ್ಲಿ ಕೂತು ಗಂಟು ಹಾಕುವುದು ತೋರಿಸಿದಳು. ಅವಳಿಗೆ ಬರುತ್ತದೆ ಅಂತ ನನಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ. ಮೊಳದಲ್ಲಿ ಅರ್ಧ ಮುಗಿದಿದೆ. ಅಂಗೈಯಲ್ಲಿ ಜಲ್ಲೆಯ ಬೊಬ್ಬೆ ಉರಿಯುತ್ತಿದೆ.

ಮುಂದಿನ ಭಾನುವಾರ ಆಷಾಢ ಏಕಾದಶಿ. ಮನೆಯಲ್ಲಿ ಮೀನಿಲ್ಲ, ಭರತಕ್ಕೂ ಅಷ್ಟು ಕಸುವಿಲ್ಲ. ಹುಣ್ಣಿಮೆ 10ಕ್ಕೆ, ಗುರುವಾರ. 13ರ ಭಾನುವಾರಕ್ಕೆ ಮೂರು ದಿನ, ಆರು ಘಳಿಗೆ. ಒಂದೂವರೆ ಹೊತ್ತಿಗೆ ನೀರು ತುಂಬಬೇಕು. ಏಳೂವರೆಗೆ ಇಳಿತ. ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಅಮ್ಮ ನೋಡಿದಳು, ಬೇಡ ಅನ್ನಲಿಲ್ಲ.