ಗುಂಡಿ ತೋಡುವ ಮೊದಲು ದನದ ಮಾತು ಮುಗಿಯಲಿ

ಶಿರಸಿ, ಸಿದ್ದಾಪುರದ ಕಡೆಯ ಬೋಳು ಬೆಟ್ಟಗಳಲ್ಲಿ ಮತ್ತೆ ಕಾಡು ಎಬ್ಬಿಸುವುದು ನನ್ನ ಕೆಲಸ. ಊರಿನವರು, ಗ್ರಾಮ ಅರಣ್ಯ ಸಮಿತಿ, ಅರಣ್ಯ ಇಲಾಖೆ, ಈ ಮೂವರ ನಡುವೆ ಓಡಾಡುತ್ತಿರುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲು ಕೇಳುವುದು "ಈ ವರ್ಷ ಎಷ್ಟು ಸಸಿ?" ಅಂತ. ನಾನು ಅವರನ್ನು ಮೊದಲು ಊರಿನ ಕೊಟ್ಟಿಗೆಗಳಿಗೆ ಕಳಿಸುತ್ತೇನೆ. ಯಾರ ಮನೆಯಲ್ಲಿ ಎಷ್ಟು ದನ, ಮಳೆಗಾಲದಲ್ಲಿ ಅವು ಎಲ್ಲಿ ಮೇಯುತ್ತವೆ, ಹೊಡೆದುಕೊಂಡು ಹೋಗುವವರು ಯಾರು? ಇಷ್ಟು ಗೊತ್ತಾಗದೆ ಗುದ್ದಲಿ ಮುಟ್ಟಬಾರದು.

ಕಾರಣ ಇದೆ. ನಾವು ಸಸಿ ನೆಡುವುದು ಜೂನ್ ಕೊನೆಗೆ, ಜುಲೈಗೆ. ಅದೇ ಹೊತ್ತಿಗೆ ಗದ್ದೆಯಲ್ಲಿ ನಾಟಿ ನಡೆಯುತ್ತಿರುತ್ತದೆ, ದನ ಅಲ್ಲಿಗೆ ಬಿಡುವಂತಿಲ್ಲ. ಬೆಟ್ಟದಲ್ಲಿ ಹಸಿ ಹುಲ್ಲು ಏಳುವುದೂ ಆಗಲೇ. ಅಂದರೆ ಊರಿಗೆ ಬೆಟ್ಟ ಎಲ್ಲಕ್ಕಿಂತ ಜಾಸ್ತಿ ಬೇಕಾದ ತಿಂಗಳಲ್ಲೇ ನಾವು ಬೆಟ್ಟದ ಬಾಗಿಲು ಹಾಕಲು ಹೋಗುತ್ತೇವೆ.

ಒಂದು ಊರಿನ ಶಾಲೆ ಜಗಲಿಯಲ್ಲಿ ನಡೆದ ಸಭೆ ನೆನಪಿದೆ. ನಕ್ಷೆ ಹರಡಿ ಅಗಳದ, ಅಂದರೆ ದನ ದಾಟದಂತೆ ತೋಡುವ ಕಂದಕದ, ಗೆರೆ ಎಳೆದಿದ್ದೆವು. ಮುಂದೆ ಕೂತವರೆಲ್ಲ ತಲೆಯಾಡಿಸಿದರು. ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ವಯಸ್ಸಾದ ಹೆಂಗಸು ಮಾತ್ರ ಕೇಳಿದರು: "ಅಗಳ ತೆಗೀರಿ ತಮಾ, ಬೇಡ ಅನ್ನೋದಿಲ್ಲ. ತೋಟ ಇದ್ದವರಿಗೆ ಅವರವರ ಬೆಟ್ಟ ಇದೆ. ನಾನು ಎರಡು ಆಕಳು ಕಟ್ಟಿಕೊಂಡವಳು. ನಾಳೆಯಿಂದ ಎಲ್ಲಿಗೆ ಹೊಡೀಲಿ?"

ಉತ್ತರ ಕನ್ನಡದ ಹೊರಗಿನವರಿಗೆ ಈ ಮಾತಿನ ತೂಕ ತಟ್ಟನೆ ಗೊತ್ತಾಗಲಿಕ್ಕಿಲ್ಲ. ಇಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಎಂದು ಬ್ರಿಟಿಷರ ಕಾಲದಿಂದಲೂ ಬಿಟ್ಟುಕೊಟ್ಟ ಜಾಗ ಇದೆ. ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ. ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಅಲ್ಲಿಂದಲೇ ಬರುತ್ತದೆ. ತೋಟ ಇಲ್ಲದವರಿಗೆ ಅದರಲ್ಲಿ ಪಾಲಿಲ್ಲ. ಅವರ ದನ, ಅವರ ಕಟ್ಟಿಗೆ, ಎಲ್ಲಕ್ಕೂ ಉಳಿದ ಬಯಲು ಗುಡ್ಡವೇ ಗತಿ. ನಾವು ಕಾಡು ಮಾಡಲು ಹುಡುಕುವುದೂ ಅದೇ ಗುಡ್ಡ. ಊರೆಲ್ಲ ಒಪ್ಪಿತು ಎಂದು ಬರೆದುಕೊಳ್ಳುವಾಗ ಒಪ್ಪಿದವರು ಯಾರು, ಕಳೆದುಕೊಳ್ಳುವವರು ಯಾರು ಅಂತ ನೋಡಬೇಕು, ಅಲ್ವಾ?

ಅವತ್ತು ಆ ಅಮ್ಮನ ಪ್ರಶ್ನೆಯ ಮೇಲೇ ಸಭೆ ಸಂಜೆವರೆಗೂ ನಡೆಯಿತು. ಗುಡ್ಡವನ್ನು ಮೂರು ತುಂಡು ಮಾಡಿ ಒಂದೊಂದಾಗಿ ಮುಚ್ಚುವುದು. ಮುಚ್ಚಿದ ಕಡೆ ದನ ಬಿಡುವಂತಿಲ್ಲ, ಆದರೆ ಹುಲ್ಲು ಕೊಯ್ದು ಹೊರೆ ತರಬಹುದು. ಹಳ್ಳಕ್ಕೆ ನೀರಿಗೆ ಹೋಗುವ ದನದ ದಾರಿ ಹಾಗೇ ಇರಬೇಕು. ನಕ್ಷೆಯಲ್ಲಿ ನೆಟ್ಟಗಿದ್ದ ಅಗಳದ ಗೆರೆ ಹಳ್ಳದ ಹತ್ತಿರ ಬಾಗಿತು. ಅಗೆಯುವ ಖರ್ಚು ಸ್ವಲ್ಪ ಏರಿತು. ಅದು ನನಗೆ ದಂಡದ ಖರ್ಚು ಅನ್ನಿಸಲಿಲ್ಲ. ದಾರಿ ಮುಚ್ಚಿದ್ದರೆ ಮೊದಲ ಮಳೆಗಾಲದಲ್ಲೇ ಯಾರೋ ಅಗಳ ತುಂಬಿಸಿ ದನ ದಾಟಿಸುತ್ತಿದ್ದರು. ಬೇರೆ ದಾರಿ ಇಲ್ಲದವರು ಇನ್ನೇನು ಮಾಡಬೇಕು?

ದನದ ಮಾತು ಮುಗಿದ ಮೇಲೆ ಯಾವ ಗಿಡ ಅನ್ನುವುದು. ಅಕೇಶಿಯಾ ಇಷ್ಟು ಹಬ್ಬಿದ್ದು ಸುಮ್ನೆ ಅಲ್ಲ. ದನ ತಿನ್ನುವುದಿಲ್ಲ, ಜಂಬಿಟ್ಟಿಗೆ ನೆಲದಲ್ಲೂ ಬೇಗ ಏಳುತ್ತದೆ, ಕಟ್ಟಿಗೆ ಕೊಡುತ್ತದೆ. ಆದರೆ ಊರಿನ ಹೆಂಗಸರನ್ನು ಕೇಳಿದರೆ ಪಟ್ಟಿಯೇ ಬೇರೆ: ಉಪ್ಪಾಗೆ, ಮುರುಗಲು, ನೆಲ್ಲಿ, ಅಂಟುವಾಳ, ಹಲಸು, ಸೊಪ್ಪಿಗೆ ಮತ್ತಿ, ಮನೆ ಕಟ್ಟಲು ಹೊನ್ನೆ. ಪಕ್ಕದ ಹಾನಗಲ್ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ. ಊರು ಬಳಸುತ್ತಿದ್ದ ಜಮೀನನ್ನು ಕಾರ್ಖಾನೆಯ ನೀಲಗಿರಿಗೆ ಕೊಟ್ಟಿದ್ದರು. ಅಲ್ಲಿಯೂ ಮರ ಬೆಳೆಯುತ್ತಿತ್ತು, ಊರಿಗೆ ಬೇಕಾದ ಮರ ಆಗಿರಲಿಲ್ಲ.

ಇನ್ನೊಂದು ವಿಷಯ, ಗಿಡದ ಪಟ್ಟಿ ಒಂದು ವರ್ಷ ಮೊದಲೇ ಆಗಬೇಕು. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ, ಹಣ್ಣು ತಿಂದ ಕೂಡಲೇ ಹಾಕಬೇಕು. ಉಪ್ಪಾಗೆ ಬೀಜ ಮೊಳೆಯಲು ತಿಂಗಳುಗಟ್ಟಲೆ ಬೇಕು. ಅದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ, ಹಾಗಾಗಿ ನಾಲ್ಕು ಗಿಡ ನೆಟ್ಟು ನಾಲ್ಕರಲ್ಲೂ ಹಣ್ಣು ಸಿಗುತ್ತದೆ ಅಂತ ಹೇಳಬಾರದು. ಯಾವ ತಾಯಿಮರದ ಬೀಜ, ಯಾವಾಗ ಆರಿಸಬೇಕು ಅನ್ನುವ ತಿಳಿವಳಿಕೆ ಬಹಳಷ್ಟು ಇಂಥ ಊರುಗಳಲ್ಲೇ ಇದೆ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅವರಿಗೆ ಪದ್ಮಶ್ರೀ ಬಂದಾಗ ನಾಡಿಗೆಲ್ಲ ಗೊತ್ತಾಗಿದ್ದು ಇದೇ. ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಶುರು ಮಾಡಿದವರು ಅವರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ನೆಡುವಾಗ ನಾನು ನೋಡುವುದು ಬೇರನ್ನು. ಚೀಲವನ್ನು ಉದ್ದಕ್ಕೆ ಸೀಳಿ ತೆಗೆಯುತ್ತೇವೆ. ಸಸಿ ಹಳೆಯದಾದರೆ ತಳದಲ್ಲಿ ಬೇರು ಸುತ್ತು ಸುತ್ತಾಗಿ ಕೂತಿರುತ್ತದೆ. ಆ ಸುತ್ತನ್ನು ಚೂರಿಯಲ್ಲಿ ಕತ್ತರಿಸದೆ ಇಟ್ಟರೆ ಬೇರು ಕೆಳಗಿಳಿಯದೆ ಅಲ್ಲೇ ಸುತ್ತುತ್ತದೆ, ಗಿಡ ಬೇಸಿಗೆಗೆ ಒಣಗುತ್ತದೆ. ಬುಡ ನೆಲದ ಮಟ್ಟಕ್ಕಿರಬೇಕು. ಹಿಮ್ಮಡಿಯಲ್ಲಿ ಒತ್ತಿ ದರಕು ಹೊದಿಸಿದರೆ ಮುಗಿಯಿತು. ಪರಿಸರ ದಿನ ಅಂತ ಜೂನ್ 5ಕ್ಕೆ ಫೋಟೊ ಬೇಕೆಂದು ದುಡ್ಡು ಕೊಡುವವರು ಕೆಲವರು ಒತ್ತಾಯಿಸುತ್ತಾರೆ. ಆಗಿನ್ನೂ ನೆಲ ಬಿಸಿ ಇರುತ್ತದೆ, ಮಳೆ ಹಿಡಿದಿರುವುದಿಲ್ಲ. ಅವತ್ತು ನರ್ಸರಿಗೆ ಕರೆದುಕೊಂಡು ಹೋಗುತ್ತೇನೆ, ನೆಡುವುದಕ್ಕೆ ಒಪ್ಪುವುದಿಲ್ಲ.

ಎಲ್ಲಾ ಕಡೆ ನೆಡಲೇಬೇಕು ಅಂತಲೂ ಇಲ್ಲ. ಪಶ್ಚಿಮ ಬಂಗಾಳದ ಮಿಡ್ನಾಪುರದ ಅರಬಾರಿಯಲ್ಲಿ 1972ರ ಹೊತ್ತಿಗೆ ಅರಣ್ಯಾಧಿಕಾರಿ ಅಜಿತ್ ಕುಮಾರ್ ಬ್ಯಾನರ್ಜಿ ಅವರು 618 ಕುಟುಂಬಗಳ ಜೊತೆ ಸೇರಿ 1,272 ಹೆಕ್ಟೇರ್ ಹಾಳಾದ ಸಾಲ್ ಕಾಡು ಕಾಯಲು ತೊಡಗಿದರು. ಕಾಯುವವರಿಗೆ ಆದಾಯದಲ್ಲಿ 25 ಶೇಕಡಾ ಪಾಲು. ಕಡಿದು ಉಳಿದಿದ್ದ ಬುಡಗಳೇ ಚಿಗುರಿ ಕಾಡು ಎದ್ದಿತು. ಕಾಡು ಕಾಯುವುದರಲ್ಲಿ ಊರಿನವರನ್ನು ಸೇರಿಸಿಕೊಳ್ಳಿ ಎಂದ 1990ರ ಕೇಂದ್ರದ ಸುತ್ತೋಲೆಗೆ, 1993ರಲ್ಲಿ ನಮ್ಮ ರಾಜ್ಯ ಗ್ರಾಮ ಅರಣ್ಯ ಸಮಿತಿಗಳಿಗೆ ಮಾಡಿದ ಆದೇಶಕ್ಕೆ ಅಂಥ ಅನುಭವಗಳೇ ದಾರಿ ಮಾಡಿದ್ದು.

ನಮ್ಮ ಬೆಟ್ಟಗಳಲ್ಲಿ ಮತ್ತಿ, ಹೊನ್ನೆಯ ಬುಡಗಳು ಹಾಗೇ ಇರುತ್ತವೆ. ಪ್ರತಿ ವರ್ಷ ಚಿಗುರುತ್ತವೆ, ಪ್ರತಿ ವರ್ಷ ದನ ಮೇಯುತ್ತದೆ, ಇಲ್ಲವೇ ಬೆಂಕಿ ಸುಡುತ್ತದೆ. ಗುಂಡಿಗೆ ಗುರುತು ಹಾಕುವ ಮೊದಲು ಊರಿನವರ ಜೊತೆ ಬೆಟ್ಟ ಸುತ್ತಿ ಜೀವ ಇರುವ ಬುಡಗಳಿಗೆ ಬಟ್ಟೆ ಚೂರು ಕಟ್ಟುತ್ತೇವೆ. ಅಲ್ಲಿ ಗುಂಡಿ ಬೇಡ. ಒಂದೆರಡು ಗಟ್ಟಿ ಚಿಗುರು ಬಿಟ್ಟು ಉಳಿದದ್ದು ಸವರಿದರೆ ಸಾಕು, ಅದು ಸಸಿಗಿಂತ ಬೇಗ ಏಳುತ್ತದೆ, ಬೇರು ಆಗಲೇ ಆಳದಲ್ಲಿದೆಯಲ್ಲ. ವರದಿಯ ನಮೂನೆಯಲ್ಲಿ ಮಾತ್ರ ಇದಕ್ಕೆ ಕಾಲಂ ಇಲ್ಲ, ನೆಟ್ಟ ಸಸಿಯ ಲೆಕ್ಕಕ್ಕಷ್ಟೇ ಜಾಗ. ಆ ಕಾಲಂ ಬರಬೇಕು ಅಂತ ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.

ಮೂರನೇ ವರ್ಷಕ್ಕೆ ಸಾಮಾನ್ಯವಾಗಿ ಯೋಜನೆಯ ದುಡ್ಡು ನಿಲ್ಲುತ್ತದೆ. ಬೇಸಿಗೆಗೆ ಮುಂಚೆ ಬೆಂಕಿ ಗೆರೆ ಸವರುವುದು, ಅಂದರೆ ಬೆಂಕಿ ದಾಟದಂತೆ ಒಂದು ಪಟ್ಟಿಯಲ್ಲಿ ಒಣ ಹುಲ್ಲು ತೆಗೆಯುವುದು, ಆಮೇಲೂ ನಿಲ್ಲುವಂತಿಲ್ಲ. ಅದಕ್ಕೆ ಯಾವ ಮನೆಯಿಂದ ಯಾವಾಗ ಆಳು, ಉಪ್ಪಾಗೆ ಹಣ್ಣಾದರೆ ಕೊಯ್ಯುವ ಸರದಿ ಯಾರದ್ದು, ತೋಟ ಇಲ್ಲದವರಿಗೆ ಪಾಲೆಷ್ಟು, ಇದನ್ನೆಲ್ಲ ಸಸಿ ಮೊಣಕಾಲೆತ್ತರ ಇರುವಾಗಲೇ ಸಮಿತಿಯ ಠರಾವು ಪುಸ್ತಕದಲ್ಲಿ ಬರೆಸುತ್ತೇವೆ. ಹಣ್ಣು ಬಿಟ್ಟ ಮೇಲೆ ಆ ಮಾತು ಎತ್ತಿದರೆ ಜಗಳ ಖಂಡಿತ.