ಎಐ ಏಜೆಂಟ್ ಕೈಗೆ ಡೇಟಾಬೇಸ್ ಕೊಡುವ ಮುನ್ನ

"ಬೇರೆ ಗ್ರಾಹಕರ ಮಾಹಿತಿ ನೋಡಬೇಡ" ಎಂದು ಏಜೆಂಟ್‌ಗೆ (ನಮ್ಮ ಪರವಾಗಿ ತಾನೇ ಕೆಲಸ ಮಾಡುವ ಎಐಗೆ) ಕೊಡುವ ಸೂಚನೆಯಲ್ಲಿ, ಅಂದರೆ ಪ್ರಾಂಪ್ಟ್‌ನಲ್ಲಿ ಬರೆದರೆ ಅದು ಬರೀ ವಿನಂತಿ. ಬೇಲಿ ಡೇಟಾಬೇಸ್‌ನಲ್ಲೇ ಇರಬೇಕು.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ 9.5ನೇ ಆವೃತ್ತಿಯಿಂದ ರೋ ಲೆವೆಲ್ ಸೆಕ್ಯುರಿಟಿ ಇದೆ: ಟೇಬಲ್‌ನ ಯಾವ ಸಾಲು ಯಾರಿಗೆ ಕಾಣಬೇಕೆಂದು ಅದು ನಿಯಂತ್ರಿಸುತ್ತದೆ. ಏಜೆಂಟ್‌ಗೆ ಪ್ರತ್ಯೇಕ ರೋಲ್ (ಡೇಟಾಬೇಸ್ ಖಾತೆ) ಮಾಡಿ, ಬೇಕಾದ ಕಾಲಂಗಳಿಗಷ್ಟೇ ಸೆಲೆಕ್ಟ್ (ಓದುವ) ಅನುಮತಿ ಕೊಟ್ಟು, ಟೇಬಲ್ ಮೇಲೆ ಪಾಲಿಸಿ, ಅಂದರೆ ಯಾವ ಸಾಲು ಕಾಣಬೇಕೆಂಬ ನಿಯಮ ಹಾಕಿ. ಟೇಬಲ್‌ನ ಮಾಲೀಕ ರೋಲ್‌ನಿಂದ ಪರೀಕ್ಷಿಸಬೇಡಿ; ಒತ್ತಾಯಿಸದ ಹೊರತು ಮಾಲೀಕನಿಗೆ ಪಾಲಿಸಿ ಅನ್ವಯಿಸದು. ವ್ಯೂ (ಟೇಬಲ್‌ನಂತೆ ಬಳಸುವ, ಉಳಿಸಿಟ್ಟ ಪ್ರಶ್ನೆ) ಕೂಡ ತನ್ನ ಮಾಲೀಕನ ಹಕ್ಕಿನಲ್ಲೇ ಓದುತ್ತದೆ. 15ನೇ ಆವೃತ್ತಿಯಿಂದ ವ್ಯೂ ಅನ್ನು ಬಳಸುವವರ ಹಕ್ಕಿನಲ್ಲೇ ಓದಿಸುವ ‘ಸೆಕ್ಯುರಿಟಿ ಇನ್ವೋಕರ್’ ಆನ್ ಮಾಡಬಹುದು, ಮಾಡಿ.

ನಿಜವಾದ ಅಪಾಯ ಸೆಷನ್ ವೇರಿಯಬಲ್‌ನದು (ಆ ಸಂಪರ್ಕ ಇರುವವರೆಗೆ ನೆನಪಿಡುವ ಮೌಲ್ಯ). ಪಾಲಿಸಿ ನೋಡುವ ಗ್ರಾಹಕರ ಐಡಿ ಅದರಲ್ಲಿದ್ದು, ಏಜೆಂಟ್ ತಾನೇ ಎಸ್‌ಕ್ಯುಎಲ್ (ಡೇಟಾಬೇಸ್‌ನ ಆಜ್ಞಾಭಾಷೆ) ಬರೆಯುವಂತಿದ್ದರೆ, ಒಂದು ‘ಸೆಟ್’ ಆಜ್ಞೆಯಿಂದ ಐಡಿ 42 ಅನ್ನು ಇನ್ನೊಬ್ಬ ಗ್ರಾಹಕರ 43 ಮಾಡಿಬಿಡಬಹುದು. ಪಾಲಿಸಿ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ! ಅಂಥಲ್ಲಿ ಒಬ್ಬೊಬ್ಬ ಗ್ರಾಹಕರಿಗೂ ಒಂದೊಂದು ರೋಲ್ ಇಟ್ಟು, ಏಜೆಂಟ್‌ಗೆ ನೇರ ಅದರಲ್ಲೇ ಲಾಗಿನ್ ಮಾಡಿಸಿ. ಲಾಗಿನ್ ಆದಮೇಲೆ ರೋಲ್ ಬದಲಿಸುವ ‘ಸೆಟ್ ರೋಲ್’ ಆಜ್ಞೆಯನ್ನು ನೆಚ್ಚಿದರೆ, ‘ರೀಸೆಟ್ ರೋಲ್’ ಎಂದೊಡನೆ ಹಳೆಯ ಹಕ್ಕು ವಾಪಸ್ ಬರುತ್ತದೆ.